ಗೊಂಬೆ ಮೆಟ್ಟಿಲ ಮೇಲೆ ಬಿಷಪ್ಪರು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಾಗಿಲಲ್ಲಿ ನಿಂತು ಪಿಸುಗುಟ್ಟುವುದು ಬೇಡ. ನಾನು ಮತಾಂತರವಾಗಿಲ್ಲ. ಆಗುವ ಯೋಚನೆಯೂ ಇಲ್ಲ. ಕ್ರೈಸ್ತ ಧರ್ಮದ ಮೊದಮೊದಲ ಬಿಷಪ್ಪರ, ಪಂಡಿತರ ವಿಷಯ ಓದುವುದನ್ನು ಬಿಡುವ ಯೋಚನೆಯಂತೂ ಇಲ್ಲವೇ ಇಲ್ಲ. ಈ ಮೂರೂ ಒಬ್ಬಳೇ ಹೆಂಗಸಿನಲ್ಲಿ ಹೇಗೆ ಒಟ್ಟಿಗಿರುತ್ತವೆ ಎಂದು ಆಸ್ಟ್ರೇಲಿಯಾದ ಪರ್ತಿನ ನಮ್ಮ ಕನ್ನಡ ಬಳಗ ಒಂದು ಇಡೀ ನವರಾತ್ರಿ ತಲೆ ಕೆಡಿಸಿಕೊಂಡಿತು. ಅವರ ತಲೆ ಕೆಟ್ಟಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ನನ್ನ ಮಗಳು ಅತ್ತಳಲ್ಲ, ಅದಕ್ಕೆ ಇದೆ.

ಎಲ್ಲ ಶುರುವಾದದ್ದು ಸೆಕೆಯಿಂದ. ಆಗ ನಾವು ಪರ್ತಿನ ಅಂಚಿನ ಎಲೆನ್‌ಬ್ರೂಕ್ ಬಡಾವಣೆಯಲ್ಲಿದ್ದೆವು. ನನ್ನ ಗಂಡ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಮಗಳ ಭರತನಾಟ್ಯದ ಕ್ಲಾಸು ಒಂದು ಚರ್ಚಿನ ಹಾಲಿನಲ್ಲಿ ನಡೆಯುತ್ತಿತ್ತು. ಬಾಡಿಗೆ ಕಡಿಮೆ ಎಂದು ನಮ್ಮ ಬಳಗದ ಗಣೇಶನ ಹಬ್ಬವೂ ಅದೇ ಹಾಲಿನಲ್ಲೇ ಆಗುತ್ತಿತ್ತು, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಫೆಬ್ರವರಿಯ ಒಂದು ಮಧ್ಯಾಹ್ನ, ಕಾರಿನ ಸೀಟು ಮುಟ್ಟಿದರೆ ಬೊಬ್ಬೆ ಏಳುವಂಥ ಬಿಸಿಲು. ಮಗಳನ್ನು ಒಳಗೆ ಬಿಟ್ಟು ನೆರಳು ಹುಡುಕುತ್ತಾ ಹೋದವಳಿಗೆ ಪಕ್ಕದ ಕೋಣೆಯಲ್ಲಿ ಎ.ಸಿ. ಓಡುತ್ತಿದ್ದದ್ದು ಕೇಳಿಸಿತು. ಬಾಗಿಲು ತಳ್ಳಿ ಹಿಂದಿನ ಕುರ್ಚಿಯಲ್ಲಿ ಕೂತೆ.

ದಪ್ಪ ಬಿಳಿ ಹುಬ್ಬಿನ ನಿವೃತ್ತ ಪಾದ್ರಿಯೊಬ್ಬರು ಐದಾರು ಜನ ಮುದುಕರಿಗೆ ಪಾಠ ಹೇಳುತ್ತಿದ್ದರು. ವಿಷಯ ಹಳೆಯದೊಂದು ಜಗಳ. ದೇವರ ಮಗ ತಂದೆಯಾದ ದೇವರಿಗೆ ಸಮನೋ, ಅಥವಾ ಒಂದು ಮೆಟ್ಟಿಲು ಕೆಳಗೋ? ಅಲೆಕ್ಸಾಂಡ್ರಿಯಾ ಎಂಬ ಊರಿನ ಪಾದ್ರಿಯೊಬ್ಬ ಕೆಳಗೆ ಎಂದ. ಅದೇ ಊರಿನ ಇನ್ನೊಬ್ಬ, ಮುಂದೆ ಬಿಷಪ್ ಆದವನು, ಸಮ ಎಂದ. ಇದಕ್ಕಾಗಿ ಚಕ್ರವರ್ತಿಯೇ ಸಭೆ ಕರೆದ, ಬೀದಿಯಲ್ಲಿ ಬ್ರೆಡ್ ಮಾರುವವರೂ ಇದನ್ನೇ ಚರ್ಚಿಸಿದರು, ಕೊನೆಗೆ ಕೆಳಗೆ ಎಂದವನು ಸೋತ.

ನನಗೆ ನಗು ತಡೆಯಲಾಗಲಿಲ್ಲ. ಇದು ನಮ್ಮ ಮನೆಯ ಜಗಳ! ನನ್ನ ಅಪ್ಪ ಸ್ಮಾರ್ತರು, ಅಮ್ಮನ ತವರು ಮಾಧ್ವರದ್ದು. ಜೀವ ಬ್ರಹ್ಮ ಒಂದೇ ಎಂದು ಅಪ್ಪ, ಬೇರೆ ಬೇರೆ ಎಂದು ಅಮ್ಮ, ಕಾಫಿ ಆರುವವರೆಗೆ ವಾದಿಸಿ ಆರಿದ ಕಾಫಿಗೆ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಅಪ್ಪನದ್ದು ಒಂದೇ ನಿಯಮ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆ ಮಾತ್ರ ಖಂಡಿಸಬೇಕು. ನಾನು ಕೈಯೆತ್ತಿದೆ.

"ಸೋತವನ ವಾದ ನೀವು ಪೂರ್ತಿ ಹೇಳಲೇ ಇಲ್ಲ" ಎಂದೆ.

ಆ ಪಾದ್ರಿ ಹುಬ್ಬೆತ್ತಿ ನನ್ನ ಕಡೆ ನೋಡಿದರು. "ಅವನ ವಾದ ಕೇಳಬೇಕು ಅಂತ ಈ ಕೋಣೆಯಲ್ಲಿ ಯಾರೂ ಇದುವರೆಗೆ ಕೇಳಿರಲಿಲ್ಲ" ಎಂದರು. ಮುಂದಿನ ವಾರ ಕೇಳಿದವರಿಗಾಗಿಯೇ ಅದನ್ನು ಓದಿಕೊಂಡು ಬಂದರು. ನಾನೂ ಹೋದೆ. ಆಮೇಲೆ ಸೆಕೆ ಕಳೆದು ಚಳಿ ಬಂದರೂ ಹೋಗುತ್ತಲೇ ಇದ್ದೆ.

ಎಂಥೆಂಥವರು ಆ ಬಿಷಪ್ಪರು! ಮಿಲಾನಿನವನು, ಜನರನ್ನು ಕೊಲ್ಲಿಸಿದ ಚಕ್ರವರ್ತಿಗೆ ಪಶ್ಚಾತ್ತಾಪ ಪಡುವವರೆಗೆ ಪ್ರಸಾದವಿಲ್ಲ ಎಂದವನು. ಇನ್ನೊಬ್ಬ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದನೆಂದರೆ ಜನ ಅವನಿಗೆ ಚಿನ್ನದ ಬಾಯಿ ಎಂದು ಹೆಸರಿಟ್ಟರು. ಅದೇ ಬಾಯಲ್ಲಿ ಮಹಾರಾಣಿಯನ್ನು ಟೀಕಿಸಿ ಗಡಿಪಾರಾಗಿ ದಾರಿಯಲ್ಲೇ ಸತ್ತ. ಉತ್ತರ ಆಫ್ರಿಕಾದವನೊಬ್ಬ, ತಾಯಿಯನ್ನು ವರ್ಷಗಟ್ಟಲೆ ಅಳಿಸಿ ಆಮೇಲೆ ದಾರಿಗೆ ಬಂದವನು. ನನಗೆ ಎಲ್ಲರಿಗಿಂತ ಹಿಡಿಸಿದವನು ಆ ಅಲೆಕ್ಸಾಂಡ್ರಿಯಾದವನೇ. ಕುಳ್ಳ ಎಂದು ವೈರಿಗಳು ಅಣಕಿಸುತ್ತಿದ್ದರಂತೆ. ಚಕ್ರವರ್ತಿಗಳು ಬದಲಾದ ಹಾಗೆಲ್ಲ ಅವನನ್ನು ಊರಿಂದ ಓಡಿಸಿದರು, ಅವನು ತಿರುತಿರುಗಿ ಬಂದ, ಹೇಳಿದ ಮಾತು ಮಾತ್ರ ಬದಲಿಸಲಿಲ್ಲ. ಅವನ ಸಿದ್ಧಾಂತ ನನ್ನದಲ್ಲ. ಅವನ ಹಟ ನನ್ನದೇ.

ಇಷ್ಟಾಗುವಾಗ ಬಳಗಕ್ಕೆ ಸುದ್ದಿ ಹೋಗದೇ ಇರುತ್ತದೆಯೇ? ನಮ್ಮ ಹೆಂಗಸರ ಗುಂಪಿಗೆ ಒಬ್ಬರು ಹಿರಿಯರಿದ್ದರು, ಎಲ್ಲರೂ ಆಂಟಿ ಎನ್ನುತ್ತಿದ್ದೆವು. ಹಬ್ಬಗಳಿಗೆ ಯಾರ ಮನೆಯಲ್ಲಿ ಯಾವ ದಿನ ಎಂದು ಗೊತ್ತು ಮಾಡುವವರು ಅವರೇ. ಹೊಸದಾಗಿ ಬಂದವರಿಗೆ ಪಾತ್ರೆ ಪಡಗ ಕೊಟ್ಟು, ಬಾಣಂತಿಯರಿಗೆ ಅಂಟಿನುಂಡೆ ಮಾಡಿ ಕಳಿಸುವವರೂ ಅವರೇ, ಅದನ್ನೂ ಹೇಳಬೇಕು. ನನ್ನ ಬಗ್ಗೆ ಯಾರೋ ಹೇಳಿದಾಗ ಅವರು, "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಇವತ್ತು ಪಾಠ, ನಾಳೆ ಪ್ರಾರ್ಥನೆ" ಎಂದರಂತೆ. ನನ್ನ ಕಿವಿಗೂ ಬಿತ್ತು. ನಾನು ಮಾರನೆಯ ವಾರ ಇನ್ನೂ ಹತ್ತು ನಿಮಿಷ ಮುಂಚೆ ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಆ ವರ್ಷ ದಸರೆಗೆ ಮೈಸೂರಿನಿಂದ ನನ್ನ ಅತ್ತೆ ಬಂದರು, ಗೊಂಬೆಗಳ ಸಮೇತ. ಪಟ್ಟದ ಗೊಂಬೆಗಳು ಅವರಿಗೆ ಮದುವೆಯಲ್ಲಿ ಅವರಮ್ಮ ಕೊಟ್ಟಿದ್ದು, ಚಂದನದ ಬಣ್ಣದ ಮರದ ರಾಜ ರಾಣಿ. ಜೊತೆಗೆ ಮಣ್ಣಿನ ಗೊಂಬೆಗಳ ಒಂದು ಪೆಟ್ಟಿಗೆ. ಮೈಸೂರಿನಲ್ಲಿ ಹೇಗೆ ಕಟ್ಟುತ್ತಾರೋ ಹಾಗೆಯೇ, ಒಂದೊಂದು ಗೊಂಬೆಗೂ ಭತ್ತದ ಹುಲ್ಲು ಸುತ್ತಿ ತಂದಿದ್ದರು. ಹುಲ್ಲು, ಬೀಜ, ಮಣ್ಣು ಎಂದರೆ ಬೆಚ್ಚಿಬೀಳುವ ದೇಶಕ್ಕೆ! ವಿಮಾನ ನಿಲ್ದಾಣದ ತಪಾಸಣೆಯ ಹುಡುಗಿ ಕೈಗವಸು ತೊಟ್ಟು ಹುಲ್ಲನ್ನೆಲ್ಲ ಬಿಡಿಸಿ ಚೀಲಕ್ಕೆ ತುಂಬಿಕೊಂಡಳು. ಮರದ ರಾಜ ರಾಣಿಯರಿಗೆ ಹುಳ ಹಿಡಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿದಳು. "ಪಟ್ಟದ ಗೊಂಬೆಗೆ ಟಾರ್ಚ್ ಬಿಟ್ಳು ಕಣೆ, ಬಾಯಿ ಆ ಅನ್ಸೋದೊಂದು ಬಾಕಿ" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಹುಲ್ಲಿಲ್ಲದ ಪೆಟ್ಟಿಗೆ ಮನೆ ಮುಟ್ಟುವಷ್ಟರಲ್ಲಿ ಸಂಗೀತ ಕಚೇರಿಯ ಸೆಟ್ಟು ಮುಕ್ಕಾಗಿತ್ತು. ಪಿಟೀಲು ಹೋಗಿ ಪಿಟೀಲಿನವನ ಕೈ ಮಾತ್ರ ಗಾಳಿಯಲ್ಲಿ ಎತ್ತಿಕೊಂಡಿತ್ತು, ಮೃದಂಗದವನಿಗೆ ಮೃದಂಗವಿಲ್ಲ, ತಂಬೂರಿಯವನ ಮೂಗು ಹಾರಿತ್ತು. ನಡುವೆ ಕೂತ ಹಾಡುಗಾರ ಒಬ್ಬ ಬಾಯಿ ತೆರೆದುಕೊಂಡು ಪೂರ್ತಿ ಉಳಿದಿದ್ದ.

ಭಿನ್ನವಾದ ಗೊಂಬೆ ಇಡಬಾರದು. ಅತ್ತೆ ಕಣ್ಣೊರೆಸಿಕೊಂಡು ಅವುಗಳನ್ನು ಬದಿಗೆ ಸರಿಸಿದರು. ನಾನು ನೋಡುತ್ತಲೇ ಇದ್ದೆ. ಕಾಲು ಮಡಿಸಿ ಸಾಲಾಗಿ ಕೂತ ಗಂಡಸರು, ಒಬ್ಬ ಕೈಯೆತ್ತಿ ವಾದಿಸುತ್ತಿದ್ದಾನೆ, ಇನ್ನೊಬ್ಬ ತೊಡೆ ತಟ್ಟುವ ಹಾಗಿದ್ದಾನೆ. ಇದು ಕಚೇರಿಯಲ್ಲ, ಇದು ಆ ಸಭೆ!

ಅಂಟಿನ ಹಿಟ್ಟು ತಂದು ಮುಕ್ಕು ಮುಚ್ಚಿದೆ. ಬಣ್ಣ ಬಳಿದೆ. ಹಳೆಯ ರೇಷ್ಮೆ ಬ್ಲೌಸು ಕತ್ತರಿಸಿ ನಿಲುವಂಗಿ ಹೊಲಿದೆ, ರಟ್ಟಿನಲ್ಲಿ ಎತ್ತರದ ಟೋಪಿ ಮಾಡಿದೆ. ಹತ್ತಿರದ ಸ್ವಾನ್ ವ್ಯಾಲಿಯ ತೋಟದವರು ದ್ರಾಕ್ಷಿ ಬಳ್ಳಿ ಸವರಿ ಬಿಸಾಡಿದ್ದ ಕಡ್ಡಿಗಳನ್ನು ಬಗ್ಗಿಸಿ ಕೈಗೆ ಕೋಲು ಕೊಟ್ಟೆ. ಗಿಡ್ಡಗಿದ್ದ ಮೃದಂಗದವನು ನನ್ನ ಕುಳ್ಳ ಬಿಷಪ್ ಆದ. ಹಾಡುಗಾರನೇ ಆ ಸೋತ ಪಾದ್ರಿ. ಏಕೆಂದರೆ ಅವನು ತನ್ನ ವಾದವನ್ನೆಲ್ಲ ಹಾಡು ಕಟ್ಟಿ ನಾವಿಕರ ಬಾಯಲ್ಲಿ ಹಾಡಿಸಿದ್ದನಂತೆ. ಅವನಿಗೆ ಟೋಪಿ ಇಲ್ಲ, ಜಾಗ ಮಾತ್ರ ನಡುಮಧ್ಯದಲ್ಲಿ.

"ಸುಮ್ನಿರಲಾರದೆ ಇರುವೆ ಬಿಟ್ಕೊಳೋದು ಅಂದ್ರೆ ಇದೇ" ಎಂದರು ಅತ್ತೆ. "ನಂಗೆ ಬೇಡ ಅನ್ಸತ್ತೆ. ದೇವಿ ಎದುರಿಗೆ ಪಾದ್ರಿಗಳೇನು?"

"ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಇಡ್ತೀನಿ ಅತ್ತೆ. ಶೆಟ್ಟಿ ಅಂಗಡಿ ಪಕ್ಕ."

"ಏನಾದ್ರೂ ಮಾಡ್ಕೋ. ನನ್ನ ಒಪ್ಪಿಗೆ ಇಲ್ಲ ಅಂತ ಮಾತ್ರ ತಿಳ್ಕೋ."

ಪಾಡ್ಯದ ದಿನ ಗೊಂಬೆ ಕೂರಿಸಿದೆವು. ಮೇಲೆ ಪಟ್ಟದ ಗೊಂಬೆ, ಕೆಳಗೆ ದಶಾವತಾರ, ಅದರ ಕೆಳಗೆ ಅಯೋಧ್ಯೆಯ ಪಟ್ಟಾಭಿಷೇಕ, ಹತ್ತು ತಲೆಯವನ ದರ್ಬಾರು, ಕೊನೆಗೆ ಊರ ಸಂತೆ ಮತ್ತು ಬಿಷಪ್ಪರು. ಅತ್ತೆ ಆರತಿ ಎತ್ತಿದರು. ಶನಿವಾರ ನಮ್ಮ ಮನೆಯ ಸರದಿ, ಅವತ್ತು ಬಳಗದ ಹೆಂಗಸರೂ ಮಕ್ಕಳೂ ಅರಿಶಿನ ಕುಂಕುಮಕ್ಕೆ ಬರಬೇಕು. ಮಗಳಿಗೆ ಆಗ ಒಂಬತ್ತು ವರ್ಷ. ಮಕ್ಕಳಿಗೆ ಬೊಂಬೆ ಬಾಗಿನ ಹಂಚುವವಳು ಈ ಸಲ ಅವಳೇ ಎಂದು ಅತ್ತೆ ಹೇಳಿದ್ದರು. ಸಣ್ಣ ಸಣ್ಣ ಪೊಟ್ಟಣಗಳಿಗೆ ರವೆ ಉಂಡೆ, ಕೊಬ್ಬರಿ ಮಿಠಾಯಿ ತುಂಬಿ ಒಂದೊಂದರ ಮೇಲೂ ಚಿಟ್ಟೆ ಬರೆದಿದ್ದಳು. ಹೇಳಬೇಕಾದ ಹಾಡನ್ನು ಬಚ್ಚಲಲ್ಲೂ ಹಾಡುತ್ತಿದ್ದಳು.

ಗೊಂಬೆಗಳ ಫೋಟೋ ಬಳಗದ ಗುಂಪಿಗೆ ಹಾಕಿದವಳು ನಾನೇ. ಬಚ್ಚಿಡುವಂಥದ್ದೇನು ಅದರಲ್ಲಿ? ಶುಕ್ರವಾರ ಮಧ್ಯಾಹ್ನ ಆಂಟಿ ಫೋನ್ ಮಾಡಿದರು.

"ನೋಡಮ್ಮ, ನಂಗೇನೂ ಇಲ್ಲ. ಎಲ್ರೂ ಕೇಳ್ತಿದಾರೆ. ದೇವಿ ಕೂರಿಸಿರೋ ಕಡೆ ಬಿಷಪ್ಪುಗಳು ಯಾಕೆ?"

"ಆಂಟಿ, ನಿಮ್ಮನೆ ಮೆಟ್ಟಿಲಲ್ಲಿ ಕಾಂಗರೂ ಇದೆ, ಕೋಲಾ ಇದೆ. ಹೋದ್ವರ್ಷ ಕ್ರಿಕೆಟ್ ಟೀಮೇ ಇತ್ತು."

"ಕಾಂಗರೂ ಯಾರನ್ನೂ ಮತಾಂತರ ಮಾಡಲ್ಲ."

ಒಳ್ಳೆಯ ಉತ್ತರವೇ. ಅಪ್ಪ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. "ಗಣೇಶನ್ನ ಚರ್ಚ್ ಹಾಲಲ್ಲಿ ಕೂರಿಸ್ವಾಗ ನಮಗೆ ಮೈಲಿಗೆ ಆಗ್ಲಿಲ್ಲ, ಅವರಿಗೂ ಆಗ್ಲಿಲ್ಲ. ಬಾಡಿಗೆ ಅಗ್ಗ ಅಂತ ಅಲ್ವಾ ಆಂಟಿ?"

 ಆಂಟಿ ತಣ್ಣಗೆ ಹೇಳಿದರು: "ಆ ಒಂದು ಸಾಲು ತೆಗೆದ್ಬಿಡು. ನಾಳೆ ಮಧ್ಯಾಹ್ನ ಎಲ್ರೂ ಬರ್ತೀವಿ. ಇಲ್ದಿದ್ರೆ ಯಾರೂ ಬರಲ್ಲ. ಮಗು ಮುಖ ನೋಡಿ ಯೋಚ್ನೆ ಮಾಡು."

ಆ ಮಗು ಪಕ್ಕದಲ್ಲೇ ನಿಂತಿತ್ತು. ಫೋನಿನ ದನಿ ಅವಳಿಗೂ ಕೇಳಿಸಿತ್ತು. "ನೋಬಡಿ ಈಸ್ ಕಮಿಂಗ್?" ಎಂದು ಕೇಳಿದಳು. ಅವಳು ಚಿಟ್ಟೆ ಬರೆದ ಪೊಟ್ಟಣಗಳ ಮುಂದೆ ಕೂತು, ಶಬ್ದ ಮಾಡದೆ ಅಳತೊಡಗಿದಳು. ಚಕ್ರವರ್ತಿಗೆ ಹೆದರದ ಬಿಷಪ್ಪರ ಕಥೆ ಓದುವುದು ಸುಲಭ. ಅವರಿಗೆ ಒಂಬತ್ತು ವರ್ಷದ ಮಗಳು ಇರಲಿಲ್ಲ. ಯಾರ ದೇಶದ ಯಾವ ಕಾಲದ ಜಗಳಕ್ಕೆ ಇವಳ ಹಬ್ಬ ಯಾಕೆ ಹಾಳಾಗಬೇಕು? ನಾನು ಮೆಟ್ಟಿಲ ಮುಂದೆ ಮಂಡಿಯೂರಿ ಆ ಕುಳ್ಳ ಬಿಷಪ್ಪನ ಸೊಂಟ ಹಿಡಿದೆ.

"ಕೈ ತೆಗಿ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಡಲೆಕಾಳು ಬಸಿಯುವ ಜರಡಿ.

"ನೀವೇ ತಾನೇ ಅತ್ತೆ ಬೇಡ ಅಂದಿದ್ದು?"

"ಕೂರಿಸೋಕೆ ಮುಂಚೆ ಅಂದೆ. ಈಗ ಕೂರಿಸಿ ಆಯ್ತು, ಆರತಿನೂ ಎತ್ತಿ ಆಯ್ತು. ವಿಜಯದಶಮಿ ತನಕ ಮೆಟ್ಟಿಲಿಂದ ಒಂದು ಗೊಂಬೆನೂ ಎಬ್ಬಿಸೋ ಹಾಗಿಲ್ಲ. ಅವನು ಯಾರೇ ಆಗಿರ್ಲಿ."

"ಯಾರೂ ಬರಲ್ಲಂತೆ."

"ಬರದಿದ್ರೆ ಬೇಡ. ಬಂದೋರಿಗೆ ಕುಂಕುಮ ಕೊಡೋಣ. ಕೂತೋರನ್ನ ಎಬ್ಬಿಸಿ ನಿಂತೋರಿಗೆ ಜಾಗ ಮಾಡೋ ಪದ್ಧತಿ ನಮ್ಮನೇಲಿಲ್ಲ." ಜರಡಿ ಕೆಳಗಿಟ್ಟು ಬಂದು ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡರು. "ಅಷ್ಟಕ್ಕೂ ಯಾರೇ ಇವನು? ನಿನ್ನ ಪ್ರಾಣ ತೆಗೀತಿರೋನು?"

ಹೇಳಿದೆ. ಒಂದು ಸಲ ಅವನು ದೋಣಿಯಲ್ಲಿ ಓಡಿಹೋಗುವಾಗ ಸೈನಿಕರು ನದಿಯಲ್ಲಿ ಬೆನ್ನಟ್ಟಿದರಂತೆ. ಅವನು ದೋಣಿಯನ್ನು ಹಿಂದಕ್ಕೆ ತಿರುಗಿಸಿ ಅವರ ಕಡೆಗೇ ಬಿಟ್ಟ. ಆ ಬಿಷಪ್ಪನನ್ನು ಕಂಡಿರಾ ಎಂದು ಸೈನಿಕರು ಕೇಳಿದರೆ, ಹತ್ತಿರದಲ್ಲೇ ಇದ್ದಾನೆ, ಬೇಗ ಹುಟ್ಟು ಹಾಕಿ ಎಂದರು ದೋಣಿಯಲ್ಲಿದ್ದವರು. ಸೈನಿಕರು ಬೇಗ ಬೇಗ ಮುಂದೆ ಹೋದರು.

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮಗಳೂ ಮೂಗೊರೆಸಿಕೊಂಡು, "ದಟ್ಸ್ ಸೋ ಚೀಕಿ" ಎಂದಳು.

"ಎಷ್ಟು ಸಲ ಓಡಿಸಿದ್ರಂತೆ?"

"ಐದು ಸಲ ಅಂತಾರೆ ಅತ್ತೆ."

"ಅಷ್ಟು ಸಾಕು" ಎಂದು ಅತ್ತೆ ಎದ್ದು ಹೋದರು.

ಶನಿವಾರ ಮಧ್ಯಾಹ್ನ ರಂಗೋಲಿ ಹಾಕಿ, ಮೈಸೂರು ಸಿಲ್ಕು ಉಟ್ಟು, ಬಾಗಿಲು ತೆರೆದಿಟ್ಟು ಕೂತೆವು. ಬೀದಿಯಲ್ಲಿ ಕಾರು ತಿರುಗಿದಾಗಲೆಲ್ಲ ಮಗಳು ಕಿಟಕಿಗೆ ಓಡುತ್ತಿದ್ದಳು. ಬಳಗದವರು ಒಬ್ಬರೂ ಬರಲಿಲ್ಲ. ಅದನ್ನು ಸಣ್ಣದು ಮಾಡಿ ಹೇಳಲಾರೆ, ನನಗೆ ಅವಮಾನವಾಯಿತು, ಸಂಕಟವಾಯಿತು. ಐದು ಗಂಟೆಯ ಹೊತ್ತಿಗೆ ಬಂದ ಒಂದೇ ಒಂದು ಕಾರಿನಿಂದ ಇಳಿದವರು ನನ್ನ ಪಾಠದ ಪಾದ್ರಿ ಮತ್ತು ಅವರ ಹೆಂಡತಿ. ನಾನೇ ಕರೆದಿದ್ದೆ, ಬರುತ್ತಾರೆಂದು ಅಂದುಕೊಂಡಿರಲಿಲ್ಲ.

ಪಾದ್ರಿ ಕನ್ನಡಕ ಏರಿಸಿ ಮೆಟ್ಟಿಲ ಮುಂದೆ ಬಗ್ಗಿದರು. ಇವರೆಲ್ಲ ಒಂದೇ ಕಾಲದವರಲ್ಲ, ಒಂದೇ ಸಭೆಯಲ್ಲಿ ಹೇಗೆ ಕೂತರು ಎಂದರು. ಈ ಟೋಪಿ ಬಂದದ್ದು ನೂರಾರು ವರ್ಷ ಆಮೇಲೆ ಎಂದರು. ಗೊಂಬೆಗೆ ಗುರುತು ಬೇಡವೇ, ಎಂದೆ ನಾನು. ಆಮೇಲೆ ಅವರ ಕಣ್ಣು ಹಾಡುಗಾರನ ಮೇಲೆ ಬಿತ್ತು, ಮುಖ ಗಂಭೀರವಾಯಿತು.

"ಇವನನ್ನು ಅವರ ನಡುವೆ ಕೂರಿಸಿದ್ದೀರಿ. ಇವನನ್ನು ಸಭೆ ಹೊರಗೆ ಹಾಕಿತು. ಕಡೇಪಕ್ಷ ಕೆಳಗೆ, ನೆಲದ ಮೇಲೆ ಇಡಬಹುದಲ್ಲ?"

"ಅವನಿಲ್ಲದಿದ್ದರೆ ಇವರೆಲ್ಲ ಯಾರ ಜೊತೆ ವಾದ ಮಾಡಿ ಗೆದ್ದರು?" ಎಂದೆ. ಮೇಲಿನ ಸಾಲಿನ ಹತ್ತು ತಲೆಯವನನ್ನು ತೋರಿಸಿದೆ. "ನಾವು ಅವನನ್ನೂ ಪ್ರತಿ ವರ್ಷ ಕೂರಿಸುತ್ತೇವೆ."

ಅವರು ತಲೆಯಾಡಿಸಿದರು, ಒಪ್ಪಿಗೆಯಿಂದಲ್ಲ. ಏನಂತೆ ಎಂದು ಅತ್ತೆ ಕೇಳಿದರು. ಅನುವಾದಿಸಿದೆ.

"ಇವರಿಗೂ ಅದೇ ಹೇಳು" ಎಂದರು ಅತ್ತೆ. "ಕೂರಿಸಿದ ಮೇಲೆ ಎಬ್ಬಿಸಲ್ಲ."

ಪಾದ್ರಿ ಅತ್ತೆಯನ್ನು ಒಂದು ಗಳಿಗೆ ನೋಡಿ, ಕುರ್ಚಿ ಎಳೆದುಕೊಂಡು ಕೂತರು, ಉಸಲಿ ಎರಡು ಸಲ ಹಾಕಿಸಿಕೊಂಡರು. ಅವರ ಹೆಂಡತಿ ಕುಂಕುಮ ಹಣೆಗೆ ಬೇಡ, ಅಂಗೈಗೆ ಹಾಕಿ ಎಂದರು; ಅತ್ತೆ ಬೇಸರಿಸದೆ ಅಂಗೈಗೆ ಹಾಕಿ, ತೆಂಗಿನಕಾಯಿ ಮಡಿಲಿಗಿಟ್ಟರು. ಮಗಳು ಅವರಿಬ್ಬರ ಮುಂದೆಯೇ ನಿಂತು ತನ್ನ ಹಾಡನ್ನು ಪೂರ್ತಿ ಹಾಡಿ, ಇಬ್ಬರಿಗೂ ಎರಡೆರಡು ಚಿಟ್ಟೆ ಪೊಟ್ಟಣ ಕೊಟ್ಟಳು. ಉಳಿದವನ್ನು ನಾವು ದೀಪಾವಳಿಯವರೆಗೆ ತಿಂದೆವು.

ಬಳಗ ಆಮೇಲೆ ನಮ್ಮನ್ನು ಬಿಟ್ಟೇಬಿಟ್ಟಿತು. ಬಿಟ್ಟರೆ ಬಿಡಲಿ! ಮರುವರ್ಷ ಗಂಡನ ಕೆಲಸ ಅಡಿಲೇಡಿಗೆ ಬದಲಾಯಿತು, ಅಲ್ಲಿಯೂ ಬಿಷಪ್ಪರನ್ನು ಕೂರಿಸಿದೆ. ಒಬ್ಬಾಕೆ ಮೂಗು ಮುರಿದಳು, ಇನ್ನೊಬ್ಬಳು ದೋಣಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ಯಾರು ಬಂದರೂ, ಯಾರು ಬಾರದಿದ್ದರೂ, ಆ ಸಾಲು ಆ ಸಾಲಿನಲ್ಲೇ ಇತ್ತು. ಗಂಡ ಮಾತ್ರ ಪ್ರತಿ ಸಲ ಸಾಮಾನು ಕಟ್ಟುವಾಗ, "ನಿನ್ನ ಕುಳ್ಳನ ಜೊತೆ ನಾವೂ ಗಡಿಪಾರಾಗ್ತಾ ಇದೀವಿ" ಎಂದು ಚುಡಾಯಿಸುತ್ತಿದ್ದರು.

ಇನ್ನೂ ಕೆಲವು ವರ್ಷ ಕಳೆದ ಮೇಲೆ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ಗೆ ಬಂದೆವು. ಆ ವರ್ಷದ ಗೊಂಬೆ ಆರತಿಯ ಸಂಜೆ, ಬಂದ ಹೆಂಗಸರ ಹಿಂದೆ ಬಾಗಿಲಲ್ಲಿ ಒಂದು ಪರಿಚಿತ ಮುಖ. ಪರ್ತಿನ ಆಂಟಿ. ಮಗನ ಮನೆ ನಮ್ಮ ಪಕ್ಕದ ಬೀದಿಯಲ್ಲೇ ಅಂತೆ, ಇವರು ಯಾರ ಮನೆಗೆಂದು ಸರಿಯಾಗಿ ಕೇಳದೆ ಸೊಸೆಯ ಜೊತೆ ಬಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೇರ ಮೆಟ್ಟಿಲ ಹತ್ತಿರ ಹೋಗಿ ನಿಂತರು.

"ಇನ್ನೂ ಇದಾರಾ ಇವರು?"

"ಎಲ್ಲಿಗೆ ಹೋಗ್ತಾರೆ ಆಂಟಿ?"

ಅವರು ಕೂರಲಿಲ್ಲ. ಹೊರಡಲೂ ಇಲ್ಲ. ಪರ್ಸನ್ನು ಎದೆಗವಚಿಕೊಂಡು ಅಲ್ಲೇ ನಿಂತರು. ನಾನೂ ಕೂರಿ ಎನ್ನಲಿಲ್ಲ. ಆ ಶನಿವಾರ ಕಿಟಕಿಗೆ ಓಡುತ್ತಿದ್ದ ಮಗು ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಮೈಸೂರಿನಿಂದ ಅತ್ತೆಯ ವಿಡಿಯೋ ಕರೆ ಬಂತು. ಮಂಡಿನೋವಿಗೆ ಅವರಿಗೆ ವಿಮಾನ ಹತ್ತುವುದು ಸಾಧ್ಯವಿರಲಿಲ್ಲ, ಆದರೆ ಪ್ರತಿ ವರ್ಷ ತಪಾಸಣೆ ತಪ್ಪುತ್ತಿರಲಿಲ್ಲ. ಎತ್ತರಕ್ಕೆ ಬೆಳೆದಿದ್ದ ಮಗಳು ಫೋನ್ ಹಿಡಿದು ಮೇಲಿನ ಮೆಟ್ಟಿಲಿನಿಂದ ತೋರಿಸುತ್ತಾ ಬಂದಳು.

"ಪಟ್ಟದ ಗೊಂಬೆ ಸರಿಯಾಗಿದೆ. ಕಲಶ ಸರಿಯಾಗಿದೆ. ಕೆಳಗೆ ತೋರ್ಸು ಪುಟ್ಟಿ, ಇನ್ನೂ ಕೆಳಗೆ." ಫೋನಿನಲ್ಲಿ ಅತ್ತೆಯ ದನಿ ಇಡೀ ಕೋಣೆಗೆ ಕೇಳುತ್ತಿತ್ತು. "ಎಲ್ಲಿ ಆ ಓಡಿಸಿಕೊಂಡೋನು? ಕಾಣ್ತಾನೇ ಇಲ್ಲ. ಎಬ್ಬಿಸ್ಬಿಟ್ರಾ?"

"ಇಲ್ಲ ಅಜ್ಜಿ" ಎಂದಳು ಮಗಳು, ಸದಾ ಇಂಗ್ಲಿಷಿನಲ್ಲೇ ಉತ್ತರಿಸುವವಳು. "ಕೂತಿದಾನೆ. ಪರ್ತ್ ಆಂಟಿ ಅಡ್ಡ ನಿಂತಿದಾರೆ."

ಆ ಕಡೆ ಅತ್ತೆ ಒಂದು ಗಳಿಗೆ ಯೋಚಿಸಿದರು.

"ಹಾಗಾದ್ರೆ ಅವರನ್ನೂ ಕೂರಿಸು" ಎಂದರು.

ಮಗಳು ಕುರ್ಚಿ ಎಳೆದಳು. ಆಂಟಿ ಕೂತರು. ನಾನು ಕುಂಕುಮದ ಬಟ್ಟಲು ಎತ್ತಿಕೊಂಡು ಹೋದೆ.